ದಾಸೋಹವೂ ಕಾಯಕದ ಅಧಿಕಾರವೂ

ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯು ದಾಸೋಹಕ್ಕೆ ಹೆಸರಾದುದು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ನೆಲಸಿದ ಶರಣಬಸವೇಶ್ವರರು ಹಸಿದು ಬಂದವರ ಕುಲಗೋತ್ರಗಳನ್ನು ಕೇಳದೆ ಅನ್ನವನ್ನಿಕ್ಕಿದರು. ಆ ಪರಂಪರೆಯಲ್ಲಿ ಬೆಳೆದ ನಾವು ಅಂಗವಿಕಲರೂ ಅನಾಥರೂ ಆದ ಬಾಲಕರಿಗೆ ಪ್ರಸಾದವಿಲ್ಲವೆಂದವರಲ್ಲ. ಆದರೆ ಅನ್ನವನ್ನಿಕ್ಕಿದ ಮಾತ್ರಕ್ಕೆ ನಮ್ಮ ಋಣವು ತೀರಿತೇ?

ಹಲವು ವರ್ಷಗಳ ಹಿಂದೆ ನರೋಣಾದ ಕಡೆಯ ರೈತರೊಬ್ಬರು ಕಾಲಿನಲ್ಲಿ ಬಲವಿಲ್ಲದ ಮಗನನ್ನು ಕರೆತಂದು, ಇವನಿಗೆ ಕಸುಬು ಕಲಿಸುವವರುಂಟೇ ಎಂದು ನನ್ನನ್ನು ಕೇಳಿದರು. “ಮಠದ ಪ್ರಸಾದ ಐತಿ, ಚಿಂತಿ ಯಾಕ್ ಮಾಡ್ತೀರಿ?” ಎಂದೆನು. ಒಡನೆಯೇ ಹುಡುಗನು, “ಗುರುಗಳೆ, ಎಲ್ಲಾರೂ ನನಗ ನೀಡ್ತಾರ್ರಿ, ನಾ ಯಾರಿಗಿ ನೀಡ್ಲಿ?” ಎಂದನು. ವಚನಗಳನ್ನು ಪಾಠ ಹೇಳುವ ನಾನು ನಿರುತ್ತರನಾದೆನು.

ಅವನ ಪ್ರಶ್ನೆಯು ಶರಣಧರ್ಮದ ಮರ್ಮವನ್ನೇ ಮುಟ್ಟಿತ್ತು. ನುಲಿಯ ಚಂದಯ್ಯನವರು ಹಗ್ಗ ಹೊಸೆದು ಬಂದುದರಿಂದ ಜಂಗಮದಾಸೋಹವನ್ನು ನಡೆಯಿಸಿದರು. ಕಾಯಕವಿಲ್ಲದೆ ದಾಸೋಹವೆಲ್ಲಿಯದು? ದುಡಿಯಬಲ್ಲವನಿಗೆ ಅನ್ನವನ್ನಷ್ಟೇ ಕೊಟ್ಟು ಕಸುಬನ್ನು ಕೊಡದಿದ್ದರೆ, ನೀಡುವ ಪುಣ್ಯವನ್ನೆಲ್ಲ ನಾವೇ ಇರಿಸಿಕೊಂಡು ಅವನನ್ನು ಎಂದೆಂದಿಗೂ ಬೇಡುವವನನ್ನಾಗಿಸಿದಂತೆ. ಇಷ್ಟಲಿಂಗವು ಕಣ್ಣುಳ್ಳವನ ಕರಸ್ಥಲಕ್ಕೂ ಕಣ್ಣಿಲ್ಲದವನ ಕರಸ್ಥಲಕ್ಕೂ ಒಂದೇ ಆಗಿರುವಾಗ, ಕಾಯಕದಲ್ಲಿ ಮಾತ್ರ ಭೇದವೇಕೆ?

ಇದನ್ನು ಆಚರಣೆಗೆ ತಂದವರು ನಮ್ಮಲ್ಲಿಯೇ ಇದ್ದಾರೆ. 1892ರಲ್ಲಿ ಹುಟ್ಟುಗುರುಡರಾಗಿ ಜನಿಸಿದ ಪಂಚಾಕ್ಷರಿ ಗವಾಯಿಗಳಿಗೆ ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತವಿದ್ಯೆಯನ್ನು ಕೊಡಿಸಿದರು. ಗವಾಯಿಗಳು ಆ ವಿದ್ಯೆಯನ್ನು ಅಂಧರಿಗೂ ಅನಾಥರಿಗೂ ಧಾರೆಯೆರೆದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ತಾವೂ ಅಂಧರೇ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಯಿಸಿದರು. ಅಲ್ಲಿ ಪ್ರಸಾದವೂ ಉಂಟು, ವಿದ್ಯೆಯೂ ಉಂಟು. ಉಂಡವನೇ ಮುಂದೆ ಕಲಿಸುವವನಾದನು. ಆದರೆ ಅಂಧರೆಲ್ಲರೂ ಗಾಯಕರೇ ಆಗಬೇಕೆಂದಿಲ್ಲ. ಅವರವರ ಒಲವನ್ನೂ ಶಕ್ತಿಯನ್ನೂ ಅರಿತು ಕಸುಬನ್ನು ಆರಿಸಬೇಕು.

“ಅಂಥವರಿಂದ ಕೆಲಸ ನಿಧಾನ, ನಷ್ಟವಾರಿಗೆ?” ಎಂದು ಅಂಗಡಿಕಾರರು ಕೇಳುವುದುಂಟು. ನಷ್ಟವಿಲ್ಲವೆಂದು ನಾನು ಹೇಳಲಾರೆನು. ಆ ಹುಡುಗನನ್ನು ದರ್ಜಿಯೊಬ್ಬರು ಒಪ್ಪಿಕೊಂಡರು. ಕಾಲಿನಿಂದ ತುಳಿಯುವ ಯಂತ್ರಕ್ಕೆ ಬದಲಾಗಿ ಕೈಯಿಂದ ತಿರುಗಿಸುವ ಯಂತ್ರವನ್ನು ಕೊಟ್ಟರು. ಮೊದಲ ವರ್ಷ ಎಷ್ಟೋ ಅರಿವೆಗಳು ಕೆಟ್ಟವು. ಆದರೆ ಎಳೆಯ ಕೈ ಕಲಿಯುವಾಗ ಕೆಡದ ಬಟ್ಟೆಯುಂಟೇ? ನಾವು ಸಹಿಸುವ ಆ ನಷ್ಟವೇ ದಾಸೋಹ. ಇನ್ನು, ದುಡಿಯಲು ಸರ್ವಥಾ ಆಗದವರಿಗೆ ಕಾಯಕತತ್ತ್ವವನ್ನು ಚಾವಟಿಯಾಗಿ ಬೀಸುವುದು ಪಾಪ. ಅವರ ಸೇವೆಯು ನಮಗೆ ಸಂದುದು.

ಕಸುಬು ಕಲಿಯುವವರಿಗೆ ಭತ್ಯೆ ಕೊಡಬೇಕೆಂದು 1961ರ ಕಾಯಿದೆಯು ವಿಧಿಸಿದೆ. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ 4ರಷ್ಟು ಮೀಸಲಾತಿಯನ್ನು 2016ರ ಕಾಯಿದೆಯು ಕೊಟ್ಟಿದೆ. ಆದರೆ ಅಂಗಡಿಯ ಬಾಗಿಲನ್ನು, ಮಗ್ಗದ ಮನೆಯನ್ನು, ಲೆಕ್ಕದ ಪುಸ್ತಕವನ್ನು ಇಂಥವರ ಮುಂದೆ ತೆರೆಯಬೇಕಾದವರು ಸದ್ಭಕ್ತರಾದ ಗೃಹಸ್ಥರೇ.

ಆ ಹುಡುಗನು ಈಗ ಸ್ವಂತ ಹೊಲಿಗೆಯ ಅಂಗಡಿಯಿಟ್ಟಿದ್ದಾನೆ. ವರುಷಕ್ಕೊಮ್ಮೆ ತನ್ನ ಗಳಿಕೆಯಿಂದ ಒಂದು ಚೀಲ ಜೋಳವನ್ನು ದಾಸೋಹಕ್ಕೆ ತಂದೊಪ್ಪಿಸುತ್ತಾನೆ. ಆ ದಿನ ಪಂಕ್ತಿಯಲ್ಲಿ ಕುಳಿತು ನಾನು ಉಣ್ಣುವ ಪ್ರಸಾದ, ಅವನು ನೀಡಿದುದು.