ನೀರು ಎಲ್ಲಿಯವರೆಗೆ ಬಂದಿತ್ತು

ಬ್ರಿಸ್ಬೇನ್ ನದಿ ದಿನಕ್ಕೆರಡು ಸಲ ಹಿಂದಕ್ಕೆ ಹರಿಯುತ್ತದೆ. ಮೋರ್ಟನ್ ಕೊಲ್ಲಿಯಿಂದ ಹೊರಟ ಉಬ್ಬರ ನಗರವನ್ನು ದಾಟಿ, ಮೇಲೆ ಮೌಂಟ್ ಕ್ರಾಸ್ಬಿಯ ಒಡ್ಡಿನ ತನಕ ಏರಿ ಮತ್ತೆ ಇಳಿಯುತ್ತದೆ. ಬೆಳಿಗ್ಗೆ ಸಮುದ್ರದ ಕಡೆಗೆ ತೇಲುತ್ತಿದ್ದ ಕಸಕಡ್ಡಿ ಮಧ್ಯಾಹ್ನ ಬೆಟ್ಟದ ಕಡೆಗೆ ಹೊರಟಿರುತ್ತದೆ. ನೀರಿಗೆ ಮಣ್ಣಿನ ಬಣ್ಣ. ದಂಡೆಯ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಬೇರೂರಿವೆ. ಕುಂದಾಪುರ, ಹೊನ್ನಾವರದ ಅಳಿವೆಗಳನ್ನು ನೋಡಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಮೈಸೂರು ಸೀಮೆಯಲ್ಲಿ ಬೆಳೆದ ನನಗೆ ಮಾತ್ರ ದೊಡ್ಡ ನಗರವೊಂದರ ನಟ್ಟನಡುವೆ, ಗಾಜಿನ ಕಟ್ಟಡಗಳ ಬುಡದಲ್ಲೇ, ಹೊಳೆಯೂ ಕಡಲೂ ಹೀಗೆ ಒಂದನ್ನೊಂದು ತಳ್ಳಾಡುವುದು ಬೆರಗು ತಂದಿತು.

ಪ್ರವಾಸಿಗೆ ಬಹುಬೇಗ ಒಗ್ಗುವ ಊರು ಇದು. ಜುಲೈ ತಿಂಗಳ ಚಳಿಗಾಲದಲ್ಲೂ ಹಗಲೆಲ್ಲ ಹಿತವಾದ ಬಿಸಿಲು. 1996ರಿಂದ ಓಡಾಡುತ್ತಿರುವ ಸಿಟಿಕ್ಯಾಟ್ ದೋಣಿಗಳಲ್ಲಿ ಐವತ್ತು ಸೆಂಟ್ ಕೊಟ್ಟರೆ ನಗರದ ಈ ತುದಿಯಿಂದ ಆ ತುದಿಯವರೆಗೆ ತಂಗಾಳಿಗೆ ಮುಖವೊಡ್ಡಿ ಹೋಗಬಹುದು. 1988ರ ವಿಶ್ವ ಪ್ರದರ್ಶನ ನಡೆದ ಜಾಗವನ್ನು ಕಟ್ಟಡಗಳಿಗೆ ಬಿಟ್ಟುಕೊಡದೆ ಸೌತ್ ಬ್ಯಾಂಕ್ ಉದ್ಯಾನ ಮಾಡಿದ್ದಾರೆ. ಅಲ್ಲಿ ಕಾಗದದ ಹೂವಿನ ಬಳ್ಳಿ ಹಬ್ಬಿಸಿದ ಉದ್ದನೆಯ ಚಪ್ಪರ, ಮರಳು ತಂದು ಸುರಿದು ಮಾಡಿದ ಪುಟ್ಟ ಕಡಲತೀರ, ಅದರಲ್ಲಿ ಮುಳುಗೇಳುವ ಮಕ್ಕಳು. ಎಲ್ಲವೂ ಚೆಂದ. ಆದರೆ ಈ ಊರಿನೊಂದಿಗೆ ನನಗೆ ನಿಜವಾದ ಪರಿಚಯವಾದದ್ದು ಅಲ್ಲಲ್ಲ.

ದಂಡೆಗೆ ಹತ್ತಿರದ ಕೆಲವು ಹಳೆಯ ಕಟ್ಟಡಗಳ ಗೋಡೆಗಳ ಮೇಲೆ, ಕೆಲವೆಡೆ ಕಂಬಗಳ ಮೇಲೆ, ಇಸವಿ ನಮೂದಿಸಿದ ಅಡ್ಡಗೆರೆಗಳಿವೆ. ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದರ ಗುರುತು. ನಾನು ನಿಂತು ನೋಡಿದ ಕಡೆ 2011ರ ಗೆರೆ ನನ್ನ ಸೊಂಟದ ಮಟ್ಟಕ್ಕಿತ್ತು. 1974ರದು ತಲೆಗಿಂತ ಮೇಲೆ. 1893ರದನ್ನು ನೋಡಲು ಕತ್ತೆತ್ತಬೇಕಾಯಿತು. ನಗರದ ಮಾಪಕದಲ್ಲಿ ಆ ವರ್ಷಗಳ ಮಟ್ಟ 4.46, 5.45 ಮತ್ತು 8.35 ಮೀಟರ್. 1893ರ ಫೆಬ್ರುವರಿಯೊಂದರಲ್ಲೇ ನದಿ ಮೂರು ಸಲ ಉಕ್ಕಿತು. ವಿಕ್ಟೋರಿಯಾ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಪಲೂಮಾ ಎಂಬ ಯುದ್ಧನೌಕೆಯನ್ನು ಮೊದಲ ನೆರೆ ಎತ್ತಿ ಸಸ್ಯೋದ್ಯಾನದ ಹುಲ್ಲಿನ ಮೇಲೆ ಇಟ್ಟುಹೋಯಿತು. ಅದನ್ನು ಹೇಗೆ ನೀರಿಗಿಳಿಸುವುದೆಂದು ಜನ ತಲೆ ಕೆಡಿಸಿಕೊಂಡಿರುವಾಗ ಅದೇ ತಿಂಗಳ ಇನ್ನೊಂದು ನೆರೆ ಬಂದು ತೇಲಿಸಿತು. ಆ ಗೆರೆಗಳ ಮುಂದೆ ನಿಂತು ದೋಣಿಕಟ್ಟೆ, ಹೋಟೆಲು, ಸೈಕಲ್ ದಾರಿಗಳನ್ನು ನೋಡುತ್ತಾ ಹೋದರೆ, ನಾನು ಆರಾಮವಾಗಿ ತಿರುಗಾಡಿದ ನೆಲದ ಬಹುಪಾಲು ನದಿಯ ಪಾಲಿನದೇ ಎನ್ನುವುದು ಕಣ್ಣಿಗೆ ಕಟ್ಟುತ್ತದೆ.

ನನ್ನ ಅಕ್ಕನ ಮಗಳು ಇಲ್ಲಿಗೆ ಬಂದು ಕೆಲವು ವರ್ಷಗಳಾದವು. 2022ರ ಫೆಬ್ರುವರಿಯಲ್ಲಿ ಅವಳು ತಗ್ಗಿನ ಬಡಾವಣೆಯೊಂದರ ಬಾಡಿಗೆ ಮನೆಯಲ್ಲಿದ್ದಳು. ಕ್ವೀನ್ಸ್‌ಲ್ಯಾಂಡಿನ ಹಳೆಯ ಮಾದರಿಯ ಮನೆ: ಮರದ ಕಂಬಗಳ ಮೇಲೆ ಎತ್ತರಕ್ಕೆ ನಿಲ್ಲಿಸಿದ್ದು, ಸುತ್ತ ಜಗಲಿ, ಮೇಲೆ ತಗಡಿನ ಮಾಡು. ಕೆಳಗಿನ ಖಾಲಿ ಜಾಗದಲ್ಲಿ ಗಾಳಿಯಾಡಿ ಮನೆ ತಂಪಾಗಿರುತ್ತದೆ. ನೀರು ಬಂದರೂ ಕೆಳಗೇ ಹಾದುಹೋಗುತ್ತದೆ. ಆದರೆ ಅವಳ ಮನೆಯಲ್ಲಿ ಆ ಜಾಗಕ್ಕೆ ಗೋಡೆ ಕಟ್ಟಿ ಎರಡು ಕೋಣೆ ಮಾಡಿದ್ದರು. ಆ ಬೀದಿಯ ಎಷ್ಟೋ ಮನೆಗಳಲ್ಲಿ ಹಾಗೆಯೇ. ಮೂರು ದಿನಗಳಲ್ಲಿ ನಗರದ ಮೇಲೆ 677 ಮಿಲಿಮೀಟರ್ ಮಳೆ ಸುರಿಯಿತು. ಅವಳು ನದಿಯ ಕಡೆ ನೋಡುತ್ತಾ ಕೂತಿದ್ದಳಂತೆ. ನೀರು ಆ ಕಡೆಯಿಂದ ಬರಲಿಲ್ಲ. ಬೀದಿಯ ಚರಂಡಿಯ ಕಬ್ಬಿಣದ ಜಾಲರಿಯೊಳಗಿಂದ ಗುಳುಗುಳು ಎಂದು ಮೇಲೆದ್ದಿತು. ಸಂಜೆಯೊಳಗೆ ಕೆಳಗಿನ ಎರಡೂ ಕೋಣೆ ಮುಳುಗಿದವು.

"ಯಾರೂ ಹೇಳಿರಲಿಲ್ಲ ಚಿಕ್ಕಮ್ಮ. ಆಮೇಲೆ ಪಕ್ಕದ ಮನೆಯ ಅಜ್ಜಿ ಬಂದು ತೋರಿಸಿದರು," ಎಂದಳು.

ನನ್ನನ್ನೂ ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು. ಪಕ್ಕದ ಮನೆಯ ಮೂಲೆಗಂಬಕ್ಕೆ ಒಂದು ಮೊಳೆ ಹೊಡೆದಿದೆ. ಮೇಲೆ ಹಲವು ಸಲ ಬಣ್ಣ ಬಳಿದು ಮೊಳೆಯ ತಲೆ ಉಬ್ಬಿದೆ, ಬೆರಳಾಡಿಸಿದರೆ ಮಾತ್ರ ಸಿಗುತ್ತದೆ. 1974ರ ಜನವರಿಯಲ್ಲಿ ನೀರು ಇಳಿದ ಮೇಲೆ ಆಕೆಯ ತಂದೆ ಹೊಡೆದದ್ದು. ಆಗ ಆಕೆ ಹುಡುಗಿ. ಆ ಬೀದಿಯಲ್ಲಿ ಆ ನೆರೆಯನ್ನು ಕಂಡವರು ಈಗ ಆಕೆಯೊಬ್ಬರೇ. ಉಳಿದವರು ಮಾರಿ ಹೋದರು, ತೀರಿಕೊಂಡರು. ಅವರ ಮನೆಗಳಿಗೆ ನಮ್ಮಂಥವರು ಬಂದರು. ಕಂಬಗಳ ನಡುವಿನ ಖಾಲಿ ಜಾಗ ಯಾಕೆ ಖಾಲಿ ಇತ್ತು ಎಂಬುದು ಬಾಯಿಂದ ಬಾಯಿಗೆ ದಾಟಲಿಲ್ಲ. ಖಾಲಿ ಜಾಗ ಕಂಡರೆ ಕೋಣೆ ಮಾಡಬೇಕೆನಿಸುವುದು ಸಹಜ.

ಮರೆವಿಗೆ ಒಂದು ಅಣೆಕಟ್ಟೂ ನೆರವಾಯಿತು. 1974ರ ನೆರೆಯ ನಂತರ ನದಿಯ ಮೇಲ್ಭಾಗದಲ್ಲಿ ವೈವೆನ್ಹೋ ಅಣೆಕಟ್ಟು ಕಟ್ಟಿದರು. ಕೆಳಗಿನ ಪಾಲು ಕುಡಿಯುವ ನೀರಿಗೆ; ಅದರ ಮೇಲಿನದು ನೆರೆಯನ್ನು ತಡೆದು ಹಿಡಿಯಲೆಂದೇ ಖಾಲಿ ಬಿಟ್ಟದ್ದು. ಅದು ದೊಡ್ಡ ಕೆಲಸ, ನೆರೆಯ ಎತ್ತರವನ್ನು ಅದು ತಗ್ಗಿಸುವುದೂ ನಿಜ. ಆದರೆ ಇನ್ನು ನದಿ ಬರುವುದೇ ಇಲ್ಲ ಎಂದು ಜನ ಅರ್ಥ ಮಾಡಿಕೊಂಡರು. ನಂತರ ಬಂದದ್ದು ನೆರೆಯಲ್ಲ, ದೀರ್ಘ ಬರ. 2007ರಲ್ಲಿ ಇಲ್ಲಿನ ಅಣೆಕಟ್ಟುಗಳಲ್ಲಿ ಐದನೇ ಒಂದು ಪಾಲು ನೀರೂ ಇರಲಿಲ್ಲ. ದಿನಕ್ಕೆ ತಲೆಗೆ 140 ಲೀಟರ್ ಮೀರಬಾರದೆಂಬ ಗುರಿ ಹಾಕಿಕೊಂಡು, ಸ್ನಾನಕ್ಕೆ ನಾಲ್ಕು ನಿಮಿಷದ ಮರಳುಗಡಿಯಾರ ಇಟ್ಟುಕೊಂಡು ಜನ ಬದುಕಿದರು. ಒಂದೊಂದು ಹನಿಯನ್ನೂ ಕೂಡಿಡಬೇಕೆಂದು ಕಲಿತ ಅದೇ ನಗರ 2011ರ ಜನವರಿಯಲ್ಲಿ ಮುಳುಗಿತು. ಜಲಾಶಯ ತುಂಬಿಟ್ಟುಕೊಂಡರೆ ನೆರೆಯ ಭಯ, ಖಾಲಿ ಮಾಡಿದರೆ ಬರದ ಭಯ. ಕೊಡಗಿನಲ್ಲಿ ಮಳೆ ಜೋರಾದಾಗಲೆಲ್ಲ ಹಾರಂಗಿಯ ಬಗ್ಗೆ, ಕೃಷ್ಣೆ ತುಂಬಿದಾಗಲೆಲ್ಲ ಆಲಮಟ್ಟಿಯ ಬಗ್ಗೆ ನಾವು ಜಗಳವಾಡುವುದೂ ಇದೇ ಪ್ರಶ್ನೆಗೆ. ಗೇಟುಗಳನ್ನು ಎಷ್ಟೇ ಜಾಣತನದಿಂದ ಎತ್ತಿ ಇಳಿಸಿದರೂ, ನೀರಿನ ದಾರಿಯಲ್ಲಿ ಮನೆ ಕಟ್ಟಿಕೊಂಡವರ ಪ್ರಶ್ನೆ ಅಲ್ಲಿ ಪೂರ್ತಿ ಬಗೆಹರಿಯುವುದಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಹಾಗಾದರೆ ಈ ನೆಲದ ನೆನಪು ಯಾರ ಬಳಿ ಇತ್ತು? ಟರ್ಬಲ್ ಮತ್ತು ಯುಗೆರಾ ಜನರ ಬಳಿ. ಅವರು ಇದನ್ನು ಮಿಯಾಂಜಿನ್ ಎನ್ನುತ್ತಿದ್ದರು, ನದಿಗೆ ಮೈವಾರ್ ಎನ್ನುತ್ತಿದ್ದರು. 1823ರಲ್ಲಿ ಜಾನ್ ಆಕ್ಸ್ಲಿ ಈ ನದಿಯನ್ನು ಕಂಡುಹಿಡಿದನೆಂದು ಪುಸ್ತಕಗಳು ಹೇಳುತ್ತವೆ. ಅವನಿಗೆ ದಾರಿ ತೋರಿದವರು ದೋಣಿ ಒಡೆದು ಈ ಕರಾವಳಿಗೆ ಬಂದು ಬಿದ್ದಿದ್ದ ಬಿಳಿಯರು. ಅವರಿಗೆ ಉಣಿಸಿ ತಿಂಗಳುಗಟ್ಟಲೆ ಬದುಕಿಸಿದವರು ಇಲ್ಲಿನ ಮೂಲನಿವಾಸಿಗಳು. 1825ರಲ್ಲಿ ಕೈದಿಗಳ ವಸಾಹತು ನದಿಯ ದಂಡೆಗೆ ಬಂತು. ಊರು ಬೆಳೆದಂತೆ ಮೂಲನಿವಾಸಿಗಳಿಗೆ ಅದರ ಎಲ್ಲೆಯೊಳಗೆ ಸಂಜೆಯ ಮೇಲೆ ಪ್ರವೇಶವಿಲ್ಲವಾಯಿತು. ಆ ಎಲ್ಲೆ ಈಗಲೂ ನಗರದ ನಕ್ಷೆಯಲ್ಲಿದೆ: ವೆಸ್ಟ್ ಎಂಡ್‌ನಲ್ಲಿ, ಸ್ಪ್ರಿಂಗ್ ಹಿಲ್‌ನಲ್ಲಿ ಬೌಂಡರಿ ಸ್ಟ್ರೀಟ್ ಎಂಬ ಹಲಗೆಗಳು. ವೆಸ್ಟ್ ಎಂಡ್‌ನ ಆ ಬೀದಿಯಲ್ಲಿ ಕೂತು ನಾನು ಒಳ್ಳೆಯ ಕಾಫಿ ಕುಡಿದೆ. ಯಾವುದರ ಎಲ್ಲೆ, ಯಾರನ್ನು ಹೊರಗಿಡಲು ಎಂಬುದನ್ನು ಆ ಹಲಗೆ ಹೇಳುವುದಿಲ್ಲ. ನೀರು ಬಂದ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬರೆದಿಟ್ಟ ನಗರ, ಇದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿಡಬೇಕಿತ್ತು ಎಂಬ ನೋವು ನನಗಿದೆ. ಸಾವಿರಾರು ವರ್ಷ ಈ ನದಿಯ ಜೊತೆ ಬಾಳಿದವರನ್ನು ಹೊರಗೆ ಕಳಿಸಿದ ಮೇಲೆ, ನದಿಯ ಬಗ್ಗೆ ಊರಿಗೆ ಹೇಳುವವರಾರು? ಇಲ್ಲಿ ಎಲ್ಲರೂ ಹೊಸಬರೇ ಆದರು. ಇನ್ನೂರು ವರ್ಷಗಳಿಂದ ಹಡಗಿನಿಂದಲೂ ವಿಮಾನದಿಂದಲೂ ಹೊಸಬರು ಬಂದಿಳಿಯುತ್ತಿದ್ದಾರೆ, ನದಿ ನೋಡಲು ಚೆಂದವೆಂದು ಅದರ ಹತ್ತಿರ ಮನೆ ಮಾಡುತ್ತಿದ್ದಾರೆ.

ಈ ಊರು ಸುಮ್ಮನೆ ಕೂತಿಲ್ಲ, ಅದನ್ನು ಮೆಚ್ಚಲೇಬೇಕು. ನಗರಪಾಲಿಕೆಯ ಪ್ರವಾಹ ನಕ್ಷೆಯಲ್ಲಿ ಯಾವ ಮನೆಯ ವಿಳಾಸ ಹಾಕಿದರೂ ಅಲ್ಲಿ ನೀರು ನುಗ್ಗುವ ಸಂಭವ ಎಷ್ಟು, ನದಿಯಿಂದಲೋ ಹಳ್ಳದಿಂದಲೋ ಎಂಬ ವರದಿ ಪುಕ್ಕಟೆ ಸಿಗುತ್ತದೆ. 2022ರ ನಂತರ ಸರ್ಕಾರ ಎಷ್ಟೋ ಮನೆಗಳನ್ನು ಎತ್ತರಿಸಲು ಹಣ ಕೊಟ್ಟಿತು. ತೀರಾ ತಗ್ಗಿನವನ್ನು ಕೊಂಡು, ಕೆಡವಿ, ನೆಲವನ್ನು ಬಯಲಾಗಿ ಬಿಟ್ಟಿತು. ಅಂಥ ಒಂದು ಬೀದಿಯಲ್ಲಿ ನಡೆದೆವು. ಎರಡು ಮನೆಗಳ ನಡುವೆ ಹುಲ್ಲು, ಅದರಾಚೆ ಒಂದು ಮನೆ, ಮತ್ತೆ ಹುಲ್ಲು. ಗೇಟಿನಿಂದ ಬಾಗಿಲವರೆಗಿದ್ದ ಸಿಮೆಂಟಿನ ಕಾಲುದಾರಿ ಒಂದು ಕಡೆ ಹಾಗೇ ಉಳಿದಿತ್ತು. ನದಿಗೆ ನದಿಯ ಜಾಗ ಬಿಟ್ಟುಕೊಡುವುದನ್ನು ಒಂದು ಸರ್ಕಾರ ದುಡ್ಡು ಖರ್ಚು ಮಾಡಿ ಮಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲೇ.

ನಕ್ಷೆ ಇದೆ, ಸರಿ. ಅದನ್ನು ತೆರೆದು ನೋಡಬೇಕೆಂದು ನಿನ್ನೆ ಮೊನ್ನೆ ವಿಮಾನ ಇಳಿದವರಿಗೆ ಗೊತ್ತಿರಬೇಕಲ್ಲ? 2032ರಲ್ಲಿ ಇಲ್ಲಿ ಒಲಿಂಪಿಕ್ಸ್; ಕೆಲಸ ಹುಡುಕಿ ಬರುವವರು ಹೆಚ್ಚುತ್ತಲೇ ಇದ್ದಾರೆ, ಅವರಲ್ಲಿ ನಮ್ಮ ಹಾಸನ, ದಾವಣಗೆರೆ, ಹುಬ್ಬಳ್ಳಿಯ ಮಕ್ಕಳೂ ಇದ್ದಾರೆ. ನಾನಿದ್ದಾಗಲೇ ಒಂದು ಸಂಜೆ ಅಕ್ಕನ ಮಗಳಿಗೆ ಅಂಥ ಒಬ್ಬ ಹುಡುಗನ ಫೋನ್ ಬಂತು. ನದಿಯ ಹತ್ತಿರವೇ ಮನೆ ಸಿಕ್ಕಿದೆ, ಬಾಡಿಗೆಯೂ ಕಡಿಮೆ, ಯಾವ ಬಸ್ಸು ಅನುಕೂಲ ಎಂದು ಕೇಳುತ್ತಿದ್ದ. ಇವಳು ಲ್ಯಾಪ್‌ಟಾಪ್ ಎಳೆದುಕೊಂಡು, "ಬಸ್ಸಿನ ವಿಷಯ ಆಮೇಲೆ ನೋಡೋಣ ಕಣೋ, ಮೊದಲು ವಿಳಾಸ ಹೇಳು," ಎಂದಳು.