ಕರಗುವ ಅರಗು, ಕರಗದ ಗೇರು

ಚನ್ನಪಟ್ಟಣದ ಕಲಾನಗರದ ಓಣಿಗಳಲ್ಲಿ ಮೊದಲು ಕಿವಿಗೆ ಬೀಳುವುದು ಲೇತಿನ ಗುಂಯ್‌ಗುಡುವ ಸದ್ದು. ಆಮೇಲೆ ಮೂಗಿಗೆ ತಾಕುತ್ತದೆ ಒಣಗಿದ ಆಲೆ ಮರದ ಹೊಟ್ಟಿನ ತೆಳುವಾಸನೆ, ಅದರ ಬೆನ್ನಿಗೇ ಬೆಚ್ಚಗಾದ ಅರಗಿನ ಕಂಪು. ಹಾಲುಬಣ್ಣದ ಮರದ ತುಂಡು ಕಣ್ಣಿಗೆ ನಿಲುಕದ ವೇಗದಲ್ಲಿ ಸುತ್ತುತ್ತಿರುವಾಗ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಒಲೆಯಿಲ್ಲ, ಬೆಂಕಿಯಿಲ್ಲ, ಮರಕ್ಕೂ ಅರಗಿಗೂ ನಡುವಿನ ಉಜ್ಜಾಟದಿಂದ ಹುಟ್ಟಿದ ಬಿಸಿಗೇ, ಸುಮಾರು 75–80 ಡಿಗ್ರಿಯಲ್ಲಿ ಕರಗುವ ಅರಗು ಮೆತ್ತಗಾಗಿ ಮರದ ಮೈಗೆ ಹರಡಿಕೊಳ್ಳುತ್ತದೆ. ಮೇಲೆ ಕೇದಿಗೆಯ ಎಲೆಯನ್ನು ಒತ್ತಿದರೆ ಬಣ್ಣಕ್ಕೆ ಹೊಳಪು ಏರುತ್ತದೆ, ಹಚ್ಚಿದ್ದಲ್ಲ ಎನ್ನುವಷ್ಟು ಆಳದಿಂದ.

ಆ ಅರಗು ಬಂದದ್ದು ಮುತ್ತುಗ, ಬೋರೆಯಂಥ ಮರಗಳ ಎಳೆಯ ರೆಂಬೆಗಳಿಂದ. ಸಾಸಿವೆಗಿಂತ ಕಿರಿದಾದ ಅರಗಿನ ಮರಿಹುಳು ಒಂದು ಜಾಗ ಹುಡುಕಿ ಸೊಂಡಿಲನ್ನು ತೊಗಟೆಗೆ ಚುಚ್ಚಿ ಕೂತಿತೆಂದರೆ, ಹೆಣ್ಣಾದರೆ ಮತ್ತೆ ಏಳುವುದೇ ಇಲ್ಲ. ಕಾಲುಗಳನ್ನೂ ಕಳೆದುಕೊಂಡು, ಮರದ ರಸವನ್ನು ಹೀರುತ್ತ, ತನ್ನ ಮೈಯಿಂದಲೇ ಒಸರಿದ ಅಂಟನ್ನು ತನ್ನ ಸುತ್ತ ಹೊದಿಕೆ ಮಾಡಿಕೊಂಡು, ಅದರೊಳಗೇ ಬದುಕಿ, ಮರಿಗಳನ್ನು ಹೊರಗೆ ಬಿಟ್ಟು, ಅದರೊಳಗೇ ತೀರಿಹೋಗುತ್ತದೆ. ಯಾರ ಕಣ್ಣಿಗೂ ಬೀಳದ ಜೀವವೊಂದು ತನ್ನ ಕಾವಲಿಗೆಂದು ಕಟ್ಟಿಕೊಂಡ ಆ ಗೋಡೆ, ಇಲ್ಲಿ ಕೆಂಪಾಗಿ, ಹಳದಿಯಾಗಿ, ಹಲ್ಲು ಬರುತ್ತಿರುವ ಮಗುವಿನ ಬಾಯಿಗೆ ಹೋಗುವ ಗಿಲಕಿಯ ಮೇಲೆ ಮಿನುಗುತ್ತದೆ. ಈ ಸೀಮೆಯೇ ಹೀಗೆ: ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡೂ ಒಂದು ಹುಳು ತನಗಾಗಿ ಕಟ್ಟಿಕೊಂಡ ಮನೆಯೇ ಅಲ್ಲವೇ.

ಓಣಿ ದಾಟಿದರೆ ಬೆಂಗಳೂರು–ಮೈಸೂರು ರಸ್ತೆ, ಬಸ್ಸುಗಳ ಸಾಲು. ಚಾಲಕ ಬ್ರೇಕ್ ತುಳಿದಾಗ ಹುಟ್ಟುವುದೂ ಉಜ್ಜಿದ ಬಿಸಿಯೇ. ಆ ಬಿಸಿಯನ್ನು ತಾಳಿಕೊಳ್ಳಲೆಂದು ಬ್ರೇಕ್ ಲೈನಿಂಗ್‌ಗಳಲ್ಲಿ ಬೆರೆಸುವ ಪುಡಿಗಳಲ್ಲೊಂದು ಗೇರುಬೀಜದ ಸಿಪ್ಪೆಯಿಂದ ಬಂದದ್ದೆಂದು ತಿಳಿದ ಮೇಲೆ, ಬಸ್ಸು ನಿಲ್ಲುವ ಸದ್ದನ್ನು ನಾನು ಬೇರೆಯಾಗಿಯೇ ಕೇಳುತ್ತೇನೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್‌ನಿಂದ ಬಂದು ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ನೆಲೆನಿಂತ ಮರ ಅದು. ಬೀಜದ ಎರಡು ಸಿಪ್ಪೆಗಳ ನಡುವೆ ಜೇನುಹುಟ್ಟಿನಂಥ ಕಿರುಕೋಣೆಗಳು, ಕೋಣೆ ತುಂಬ ಕಂದುಬಣ್ಣದ ಮಂದ ಎಣ್ಣೆ. ಎಳೆಯ ತಿರುಳನ್ನು ಯಾರೂ ಕಚ್ಚದಿರಲೆಂದು ಗಿಡವೇ ಇಟ್ಟ ಕಾವಲು. ಮುಟ್ಟಿದರೆ ಚರ್ಮ ಸುಡುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲವನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕಾರ್ಡನಾಲ್ ಉಳಿಯುತ್ತದೆ. ಅದು ಫಾರ್ಮಾಲ್ಡಿಹೈಡ್ ಜೊತೆ ಕೂಡಿ ಗಟ್ಟಿಯಾಗಿ, ಮತ್ತೆ ಯಾವ ಬಿಸಿಗೂ ಕರಗಿ ಹರಿಯದ ರಾಳವಾಗುತ್ತದೆ; ಬ್ರೇಕಿನ ಪುಡಿ ಅದೇ. ಒಂದೇ ಉಜ್ಜಾಟ, ಒಂದೇ ಬಿಸಿ. ಓಣಿಯೊಳಗಿನದು ಅದಕ್ಕೆ ಮೈ ಒಪ್ಪಿಸಿ ಹರಿಯುತ್ತದೆ, ರಸ್ತೆಯ ಮೇಲಿನದು ಅದಕ್ಕೆ ಎದೆಗೊಟ್ಟು ನಿಲ್ಲುತ್ತದೆ. ಎರಡೂ ಹುಟ್ಟಿದ್ದು ಮಾತ್ರ ಒಂದು ಮೆತ್ತನೆಯ ಜೀವವನ್ನು ಕಾಯಲೆಂದು.

ಆ ಸಿಪ್ಪೆ ಎಣ್ಣೆಯ ಗಾಣಕ್ಕೆ ಹೋಗುವ ಮೊದಲು ಗೇರುಬೀಜದ ಕಾರ್ಖಾನೆಗಳಲ್ಲಿ ಹೆಂಗಸರ ಕೈಗಳನ್ನು ದಾಟುತ್ತದೆ. ಹರಳೆಣ್ಣೆಯನ್ನೋ ಬೂದಿಯನ್ನೋ ಬಳಿದುಕೊಂಡರೂ ಬೆರಳ ತುದಿಗಳು ಕಪ್ಪಾಗುತ್ತವೆ, ಚರ್ಮ ಸುಲಿಯುತ್ತದೆ. ಬೀಜದ ಕಾವಲುಗಾರನಿಗೆ ಮುಟ್ಟಿದವರು ಯಾರೆಂಬ ಭೇದ ತಿಳಿಯದು. ಗೇರಿನ ಈ ಬೆರಗನ್ನು ಆ ಬೆರಳುಗಳನ್ನು ಬಿಟ್ಟು ನೆನೆಯಲು ನನ್ನಿಂದಾಗುವುದಿಲ್ಲ.