ಡಾಕ್ಟರ್ ಆಗದಿದ್ದರೆ?

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಹುಡುಗಿಯೊಬ್ಬಳು ಒಂದು ಭಾನುವಾರ ಸಂಜೆ ತಾಯಿಯೊಂದಿಗೆ ಮನೆಗೆ ಬಂದಳು. ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು, ಪುಣೆಯ ಸೈನಿಕ ವೈದ್ಯಕೀಯ ಕಾಲೇಜು ಎ.ಎಫ್.ಎಂ.ಸಿ.ಯಿಂದ ಅವಳಿಗೆ ಸಂದರ್ಶನದ ಕರೆ ಬಂದಿತ್ತು. ನೀಟ್ ಬಂದ ಮೇಲೆ ವೈದ್ಯಕೀಯ ಸೀಟಿಗೆ ಸಂದರ್ಶನವೆಂಬುದು ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಇಲ್ಲವೇ ಆಗಿದೆ. ಅಂಕ, ರ‍್ಯಾಂಕು, ಸೀಟು, ಅಷ್ಟೇ. ಸೈನ್ಯದವರು ಮಾತ್ರ ಇನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡಿಸುತ್ತಾರೆ.

"ನೀವೊಂದಿಷ್ಟು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸಿ ಮೇಡಂ" ಎಂದರು ತಾಯಿ. ಕೋಚಿಂಗಿನವರು ಕೊಟ್ಟ ಹಾಳೆಗಳಲ್ಲಿ ಪ್ರಶ್ನೆಯೂ ಇತ್ತು, ಉತ್ತರವೂ ಇತ್ತು. ನಾನು ಒಂದೊಂದಾಗಿ ಕೇಳುತ್ತಾ ಹೋದೆ.

"ಡಾಕ್ಟರ್ ಆಗದಿದ್ದರೆ ಏನಾಗುತ್ತೀಯ?"

ಹುಡುಗಿ ಮಗ್ಗಿ ಒಪ್ಪಿಸುವಂತೆ ಹೇಳಿದಳು: "ವೈದ್ಯ ವೃತ್ತಿಯೇ ನನ್ನ ಉಸಿರು. ಬೇರೆ ಯಾವ ವೃತ್ತಿಯ ಬಗೆಗೂ ನಾನು ಯೋಚಿಸಿಲ್ಲ."

"ನಿಜವೇನೇ?"

ತಾಯಿ ಕಾಫಿ ಲೋಟ ಇಡಲು ಒಳಗೆ ಹೋಗಿದ್ದರು. ಅವಳು ತಗ್ಗಿದ ದನಿಯಲ್ಲಿ, "ಗೊತ್ತಿಲ್ಲ ಮಿಸ್. ನನ್ನನ್ನ ಯಾರೂ ಕೇಳೇ ಇಲ್ಲ" ಎಂದಳು.

ಆ ಮಾತು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಅದಕ್ಕೊಂದು ಕಾರಣವಿತ್ತು. ಹಲವು ವರ್ಷಗಳ ಹಿಂದೆ ಇನ್ನೊಬ್ಬ ಜಾಣ ಹುಡುಗಿಯನ್ನು ಶಾಲೆಗೆ ಬಂದ ಅತಿಥಿಗಳಿಗೆಲ್ಲ "ಇವಳು ನಮ್ಮ ಶಾಲೆಯ ಭಾವೀ ಡಾಕ್ಟರ್" ಎಂದು ಪರಿಚಯಿಸುತ್ತಿದ್ದವಳು ನಾನೇ. ಅವಳಿಗೆ ಸೀಟು ಸಿಗಲಿಲ್ಲ. ಬಿ.ಎಸ್ಸಿ. ಸೇರಿದ ಮೇಲೆ ಸಂತೆಯಲ್ಲಿ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಹೊಗಳಿಕೆಯೆಂದು ನಾನು ಕೊಟ್ಟದ್ದು ಅವಳ ತಲೆಯ ಮೇಲೆ ಹೊರೆಯಾಗಿ ಕುಳಿತಿತ್ತು.

2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷದ ಮೇಲೆ ಸ್ವಲ್ಪ. ಅಂದರೆ "ಡಾಕ್ಟರ್ ಆಗದಿದ್ದರೆ?" ಎಂಬುದು 20 ಲಕ್ಷಕ್ಕೂ ಹೆಚ್ಚು ಮಕ್ಕಳು ನಿಜವಾಗಿಯೂ ಉತ್ತರಿಸಲೇಬೇಕಾದ ಪ್ರಶ್ನೆ. ಸೀಟಿನ ಬಾಗಿಲಿಗೆ ಬಂದು ನಿಂತ ಕೆಲವರನ್ನು ಮಾತ್ರ ಅದನ್ನು ಕೇಳುತ್ತೇವೆ. ಉಳಿದವರನ್ನು ಯಾರು ಕೇಳುತ್ತಾರೆ?

ಕೇಳಲು ನಮಗೆ ಭಯ. ಎರಡು ದೋಣಿಯಲ್ಲಿ ಕಾಲಿಟ್ಟರೆ ಮಗು ಮುಳುಗೀತು, ಬೆಳಗಿನ ನಾಲ್ಕಕ್ಕೆ ಏಳುವುದನ್ನು ಬಿಟ್ಟೀತು ಎಂಬ ಭಯ. ಈ ಭಯ ಸುಳ್ಳೆಂದು ನಾನು ಹೇಳಲಾರೆ. ಅದರಲ್ಲೂ ಹೆಣ್ಣುಮಗಳ ಮುಂದೆ "ಇಲ್ಲದಿದ್ದರೆ" ಎಂಬ ಮಾತು ಎತ್ತಿದರೆ ಮನೆಯ ಹಿರಿಯರಿಗೆ ಕೇಳಿಸುವುದು "ಮದುವೆ" ಎಂದೇ. ಪಾಪ, ಹುಡುಗಿ ಬೇರೆ ದಾರಿಯ ಹೆಸರನ್ನೇ ಎತ್ತದಿರುವುದು ಜಾಣತನವೂ ಇರಬಹುದು.

ಹಾಗಾದರೆ ಬಾಯಿಪಾಠದ ಆ ಉತ್ತರ ಸುಳ್ಳೇ? ತೀರ್ಪು ಕೊಡುವ ಹಕ್ಕು ನನಗೆ ಕಡಿಮೆ. ನಮ್ಮೂರ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇಲ್ಲದ್ದರಿಂದ ನಾನು ಬಿ.ಎ. ಓದಿದವಳು. ಕೆಲಸದ ಸಂದರ್ಶನದಲ್ಲಿ "ಚಿಕ್ಕಂದಿನಿಂದಲೂ ಶಿಕ್ಷಕಿಯಾಗುವುದೇ ನನ್ನ ಕನಸು" ಎಂದು ಹೇಳಿದ್ದೆ. ಕನಸು ಬೇರೆಯೇ ಇತ್ತು. ಆ ಸುಳ್ಳು ನಿಜವಾಗಲು ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷ ನನ್ನ ಸಿಡುಕನ್ನು ಸಹಿಸಿಕೊಂಡವರು ತರಗತಿಯ ಮಕ್ಕಳು. ಎದುರಿಗೆ ಕುಳಿತ ಹಿರಿಯರಿಗೆ ಹೇಳಿದ ಸುಳ್ಳಿನ ಬೆಲೆಯನ್ನು ತೆತ್ತವರು ಬೇರೆ ಯಾರೋ. ವೈದ್ಯರ ವಿಷಯದಲ್ಲಿ ಹೀಗಾದರೆ ಆ ಬೆಲೆಯನ್ನು ರೋಗಿ ತೆರಬೇಕಾಗುತ್ತದೆ.

ವೆಲ್ಲೂರಿನ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಮೊದಲು ಡಾಕ್ಟರಾಗಲು ಬಯಸಿದವರೇ ಅಲ್ಲ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದು, ಅಮೆರಿಕಕ್ಕೆ ಮರಳುವ ಯೋಚನೆಯಲ್ಲಿದ್ದರು. ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಂದು, ಹೆರಿಗೆಯ ನೋವಿನಲ್ಲಿದ್ದ ತಮ್ಮ ಹೆಂಡತಿಯರನ್ನು ನೋಡಬೇಕೆಂದು ಬೇಡಿದರು. ಐಡಾ ಅವರ ತಂದೆ ವೈದ್ಯರೇ. ಆದರೆ ಪರಪುರುಷ ಮುಟ್ಟುವುದು ಬೇಡವೆಂದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆಮೇಲೆ ಆಕೆ ವೈದ್ಯಕೀಯ ಓದಿ 1899ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆದದ್ದು 1918ರಲ್ಲಿ. ಅದಕ್ಕೂ ಮೊದಲೇ, 1909ರಲ್ಲಿ, ನರ್ಸುಗಳ ಶಾಲೆ ಆರಂಭಿಸಿದ್ದರು. ನೋವು ಯಾರದೆಂಬುದು ಕಣ್ಣೆದುರಿಗಿದ್ದವರಿಗೆ ಅದಕ್ಕೆ ಬೇಕಾದ ಕೈಗಳಲ್ಲಿ ಮೇಲು ಕೀಳು ಕಾಣುವುದಿಲ್ಲವೇನೋ.

ಮರುದಿನ ಹುಡುಗಿ ಬಂದಾಗ ಹಾಳೆಗಳನ್ನು ಪಕ್ಕಕ್ಕಿಟ್ಟು, "ಡಾಕ್ಟರ್ ಆಗಬೇಕೆಂದು ನಿನಗೆ ಮೊದಲು ಅನ್ನಿಸಿದ್ದು ಯಾವಾಗ, ಅದನ್ನು ಹೇಳು" ಎಂದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಅಜ್ಜಿಗೆ ಲಕ್ವ ಹೊಡೆದಾಗ ಎಂದು. ಡಾಕ್ಟರು ಬಂದು ಮಾತ್ರೆ ಬರೆದುಕೊಟ್ಟು ಹೋಗುತ್ತಿದ್ದರಂತೆ. ತಿಂಗಳುಗಟ್ಟಲೆ ದಿನವೂ ಬಂದು ಅಜ್ಜಿಯ ಕೈ ಹಿಡಿದು ಲೋಟ ಎತ್ತಲು ಕಲಿಸಿದವರು ಫಿಸಿಯೋಥೆರಪಿಯ ಒಬ್ಬ ಅಕ್ಕ. "ಅಜ್ಜಿ ಒಂದು ದಿನ ತಾನೇ ಲೋಟ ಎತ್ತಿ ನೀರು ಕುಡಿದ್ರು ಮಿಸ್. ಅವತ್ತೇ ಅನ್ನಿಸಿದ್ದು." ಹೇಳಿ ಮುಗಿಸಿದವಳೇ ತಾನೇ ಬೆರಗಾದಳು. ಅವಳ ಉತ್ತರ ಅವಳೊಳಗೇ ಇತ್ತು.

ಪುಣೆಯಿಂದ ಬಂದು ಫೋನು ಮಾಡಿದಳು. ಆ ಪ್ರಶ್ನೆಯನ್ನು ಅಲ್ಲಿ ಕೇಳಲೇ ಇಲ್ಲವಂತೆ! ನಮ್ಮೂರ ಕೆರೆಯ ಬಗ್ಗೆ ಕೇಳಿದರಂತೆ. ಆದರೆ ಹೋಗುವಾಗ ರೈಲಿನಲ್ಲಿ ಅವಳ ಅಪ್ಪ, "ಇಲ್ಲೂ ಆಗದಿದ್ದರೆ ಏನವ್ವಾ?" ಎಂದಿದ್ದರು. ಇವಳು ಅಜ್ಜಿಯ ಲೋಟದ ಕಥೆ ಹೇಳಿ, ಫಿಸಿಯೋಥೆರಪಿ ಓದುತ್ತೇನೆ ಎಂದಳಂತೆ. ಮೀರಜ್ ಬರುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ "ಹಾಗೇ ಆಗಲಿ, ಈಗ ಊಟ ಮಾಡು" ಎಂದರಂತೆ.

ಪಟ್ಟಿ ಇನ್ನೂ ಬಂದಿಲ್ಲ. ನನಗೂ ಒಂದು ಕೆಲಸ ಬಾಕಿಯಿದೆ. ಮುಂದಿನ ಸಲ ಸಂತೆಯಲ್ಲಿ ಆ ಹಳೆಯ ಹುಡುಗಿ ಕಂಡರೆ, ರಸ್ತೆ ದಾಟಿ ಹೋಗಬೇಕಾದವಳು ನಾನು.